ಹಳೆ ಹಾಡು ಬಂತು, ಊರ ರೇಡಿಯೋ ಬರಲಿಲ್ಲ

ಹೊಸ ಹಾಡುಗಳ ಗದ್ದಲಕ್ಕೆ ಜನ ಬೇಸತ್ತರು, ಕೊನೆಗೂ ರೇಡಿಯೋದವರಿಗೆ ಬುದ್ಧಿ ಬಂತು, ಹಳೆಯ ಮೆಚ್ಚಿನ ಗೀತೆಗಳು ಬಾನುಲಿಗೆ ಮರಳಿದವು, ಅವುಗಳ ಜೊತೆಗೇ ರೇಡಿಯೋಕ್ಕೆ ಹಿಂದೆ ಇದ್ದ ಆಪ್ತತೆಯೂ ಮರಳುತ್ತಿದೆ. ಹಳೆಯ ಜನಪ್ರಿಯ ಹಾಡುಗಳನ್ನಷ್ಟೇ ಹಾಕುವ ವಾಹಿನಿಗಳು ಅಲ್ಲಲ್ಲಿ ತಲೆಯೆತ್ತುತ್ತಿರುವುದನ್ನು ಕಂಡವರು ಸಾಮಾನ್ಯವಾಗಿ ಕೊಡುವ ವಿವರಣೆ ಇದು. ಕೇಳಲು ಹಿತವಾಗಿದೆ, ಸ್ವಲ್ಪ ನಿಜವೂ ಇದೆ. ಆದರೆ ಇದರೊಳಗೆ ಮೂರು ಬೇರೆ ಬೇರೆ ವಾದಗಳು ಅಂಟಿಕೊಂಡು ಕೂತಿವೆ. ಒಂದನ್ನು ಒಪ್ಪಿದವರು ಉಳಿದೆರಡನ್ನೂ ನೋಡದೆಯೇ ಒಪ್ಪಿಬಿಡುತ್ತಾರೆ. ಗೊಂದಲ ಹುಟ್ಟುವುದು ಅಲ್ಲಿ.

ವಾದಕ್ಕೆ ನ್ಯಾಯ ಸಲ್ಲಬೇಕಾದರೆ ಅದರ ಅತ್ಯಂತ ಬಲವಾದ ಉದಾಹರಣೆಯನ್ನೇ ಎತ್ತಿಕೊಳ್ಳಬೇಕು. ಅದು ಸಿಗುವುದು ಬ್ರಿಟನ್ನಿನಲ್ಲಿ. ಬಾವರ್ ಎಂಬ ಮಾಧ್ಯಮ ಸಂಸ್ಥೆ 2019ರ ಜನವರಿಯಲ್ಲಿ ತನ್ನ ಒಡೆತನದ ಹಲವು ಸ್ಥಳೀಯ ಕೇಂದ್ರಗಳನ್ನು ಕೂಡಿಸಿ ‘ಗ್ರೇಟೆಸ್ಟ್ ಹಿಟ್ಸ್ ರೇಡಿಯೋ’ ಎಂಬ ಜಾಲ ಕಟ್ಟಿತು. ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳ ಹಾಡುಗಳೇ ಅದರ ಬಂಡವಾಳ. 2020ರ ಸೆಪ್ಟೆಂಬರಿನಲ್ಲಿ ಇನ್ನೂ ಹತ್ತಾರು ಊರುಗಳ ಕೇಂದ್ರಗಳು ಅದೇ ಹೆಸರು ತೊಟ್ಟವು. ಬಿಬಿಸಿಯಲ್ಲಿ ಹೆಸರು ಮಾಡಿದ್ದ ಸೈಮನ್ ಮೇಯೋ 2021ರಲ್ಲಿ ಅಲ್ಲಿಗೆ ಹೋದರು. ಬಿಬಿಸಿ ರೇಡಿಯೋ 2ರಲ್ಲಿ ಮೂರು ದಶಕ ಬೆಳಗಿನ ಹೊತ್ತಿನ ಕಾರ್ಯಕ್ರಮ ನಡೆಸಿದ್ದ, ಆ ದೇಶದಲ್ಲೇ ಅತಿ ಹೆಚ್ಚು ಕೇಳುಗರನ್ನು ಹೊಂದಿದ್ದ ಕೆನ್ ಬ್ರೂಸ್ 2023ರ ಏಪ್ರಿಲಿನಲ್ಲಿ ತಮ್ಮ ‘ಪಾಪ್‌ಮಾಸ್ಟರ್’ ರಸಪ್ರಶ್ನೆಯ ಸಮೇತ ಅಲ್ಲಿಗೇ ಬಂದರು. ಜಾಲದ ವಾರದ ಕೇಳುಗರು 60 ಲಕ್ಷ ದಾಟಿದರು. 2021ರ ಫೆಬ್ರುವರಿಯಲ್ಲಿ ‘ಬೂಮ್ ರೇಡಿಯೋ’ ಎಂಬ ಇನ್ನೊಂದು ವಾಹಿನಿ ನಿವೃತ್ತಿಯ ವಯಸ್ಸಿನವರಿಗಾಗಿಯೇ ಶುರುವಾಯಿತು. 2024ರಲ್ಲಿ ಸ್ವತಃ ಬಿಬಿಸಿಯೇ ಐವತ್ತರಿಂದ ಎಪ್ಪತ್ತರ ದಶಕದ ಹಾಡುಗಳಿಗೆ ರೇಡಿಯೋ 2ರ ಉಪವಾಹಿನಿಯೊಂದನ್ನು ತೆರೆಯಲು ಹೊರಟಿತು. ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2025ರಲ್ಲಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಹಳೆಯ ಹಾಡಿನ ಹಕ್ಕಿಗಾಗಿ ಸಾರ್ವಜನಿಕ ಹಣದ ಸಂಸ್ಥೆಯೂ ಖಾಸಗಿಯವರೂ ಜಗ್ಗಾಡುವ ಮಟ್ಟಕ್ಕೆ ಬಂದ ಮೇಲೆ ‘ಜನ ಬಯಸಿದ್ದು ಇದನ್ನೇ’ ಎನ್ನುವವರ ಬಾಯಿ ಮುಚ್ಚಿಸುವುದು ಸುಲಭವಲ್ಲ.

ಅಂಟಿಕೊಂಡ ವಾದಗಳನ್ನು ಬಿಡಿಸಿಟ್ಟರೆ ಹೀಗೆ ಕಾಣುತ್ತವೆ:

1. ಕೇಳುಗರು ಹಳೆಯ ಹಾಡು ಕೇಳಿದರು, ವಾಹಿನಿಗಳು ಕೊಟ್ಟವು. ಬದಲಾವಣೆಗೆ ಕಾರಣ ಬೇಡಿಕೆ.

2. ಈ ಹಾಡುಗಳು ಕಾಲದ ಪರೀಕ್ಷೆಯಲ್ಲಿ ಗೆದ್ದವು. ಆದ್ದರಿಂದ ಇಂದಿನವುಗಳಿಗಿಂತ ಮೇಲು.

3. ಹಳೆಯ ಹಾಡಿನ ಜೊತೆ ಹಳೆಯ ರೇಡಿಯೋ ಮರಳಿದೆ: ನಮ್ಮ ಊರಿನದು, ನಮ್ಮನ್ನು ಬಲ್ಲದ್ದು.

ಎರಡನೆಯದರಿಂದ ಶುರುಮಾಡುತ್ತೇನೆ, ಏಕೆಂದರೆ ಜನ ಅತ್ಯಂತ ಪ್ರೀತಿಯಿಂದ ಹಿಡಿದುಕೊಂಡಿರುವುದು ಅದನ್ನೇ. ಕಾಲ ಪರೀಕ್ಷೆ ಮಾಡುತ್ತದೆಂಬುದು ಸುಳ್ಳಲ್ಲ. ಆದರೆ ಈ ವಾಹಿನಿಗಳಲ್ಲಿ ಕೇಳಿಬರುವ ಪಟ್ಟಿಯನ್ನು ಮಾಡಿದ್ದು ಕಾಲವಲ್ಲ, ಕಾರ್ಯಕ್ರಮ ನಿರ್ವಾಹಕರು. ಅಮೆರಿಕದಲ್ಲಿ ರೂಢಿಗೆ ಬಂದು ಬೇರೆಡೆಗೂ ಹಬ್ಬಿದ ಕ್ರಮವೊಂದಿದೆ. ಜಾಹೀರಾತುದಾರರಿಗೆ ಬೇಕಾದ ವಯಸ್ಸಿನ ಒಂದಷ್ಟು ಜನರನ್ನು ಸಭಾಂಗಣದಲ್ಲಿ ಕೂರಿಸಿ, ನೂರಾರು ಹಾಡುಗಳ ಕೆಲವೇ ಸೆಕೆಂಡುಗಳ ತುಣುಕುಗಳನ್ನು ಒಂದರ ಹಿಂದೊಂದು ಕೇಳಿಸಿ, ಅಂಕ ಹಾಕಿಸುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಯಾರೂ ಹಾಡಿನ ಗುಣವನ್ನು ತೂಗಲಾರರು. ಅಷ್ಟರಲ್ಲಿ ಆಗುವುದು ಗುರುತು ಹಿಡಿಯುವುದು ಮಾತ್ರ. ಗುರುತು ಸಿಕ್ಕಿತೇ, ಬೇಸರ ಬಂದಿದೆಯೇ, ಇದು ಬಂದಾಗ ಗುಂಡಿ ಒತ್ತಿ ಬೇರೆ ವಾಹಿನಿಗೆ ಹೋಗುತ್ತೀರಾ: ಪರೀಕ್ಷೆ ಕೇಳುವುದು ಇಷ್ಟೇ. ಕೇಳುಗ ಯಾವ ನಿಮಿಷದಲ್ಲಿ ವಾಹಿನಿ ಬಿಟ್ಟನೆಂದು ತೋರಿಸುವ ಸಣ್ಣ ಮೀಟರುಗಳು 2007ರಿಂದೀಚೆ ಅಮೆರಿಕದ ದೊಡ್ಡ ನಗರಗಳಲ್ಲಿ ಬಳಕೆಗೆ ಬಂದ ಮೇಲಂತೂ ಬಿಟ್ಟುಹೋಗುವವನ ಭಯವೇ ಪಟ್ಟಿಯ ಸಂಪಾದಕನಾಯಿತು. ಹೀಗೆ ಉಳಿದ ಹಾಡುಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಅಪ್ಪಟವಾದವೂ ಇವೆ. ಆದರೆ ಯಾರಿಗೂ ಬೇಸರವಾಗದ ಹಾಡು ಬೇರೆ, ಎಲ್ಲರಿಗೂ ಒಳ್ಳೆಯದಾದ ಹಾಡು ಬೇರೆ.

ಅಂದಿನ ಜನಪ್ರಿಯ ಹಾಡುಗಳೇ ಇಂದು ಬರುತ್ತಿವೆ ಎಂಬ ನಂಬಿಕೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. ಬ್ರಿಟನ್ನಿನಲ್ಲಿ 1971ರ ಕ್ರಿಸ್‌ಮಸ್ ವಾರದ ಮೊದಲ ಸ್ಥಾನ ಹಾಸ್ಯನಟ ಬೆನ್ನಿ ಹಿಲ್‌ನ ಹಾಲು ಮಾರುವವನ ತಮಾಷೆ ಹಾಡಿನದು. 1980ರದ್ದು ಶಾಲಾ ಮಕ್ಕಳ ವೃಂದವೊಂದು ಅಜ್ಜಿಯನ್ನು ಕುರಿತು ಹಾಡಿದ್ದು. ಎರಡೂ ಅಂಕಿಯ ಲೆಕ್ಕದಲ್ಲಿ ನಿರ್ವಿವಾದವಾಗಿ ಮಹಾ ಯಶಸ್ಸು. ಆದರೂ ಸುವರ್ಣಕಾಲದ ಮಾತು ಬಂದಾಗ ಯಾರೂ ಇವುಗಳ ಸುದ್ದಿ ಎತ್ತುವುದಿಲ್ಲ. ಇನ್ನೊಂದು ಕಡೆ, ಜರ್ನಿ ತಂಡದ ‘ಡೋಂಟ್ ಸ್ಟಾಪ್ ಬಿಲೀವಿನ್’ 1982ರಲ್ಲಿ ಬ್ರಿಟನ್ನಿನಲ್ಲಿ ಏರಿದ್ದು 62ನೆಯ ಸ್ಥಾನಕ್ಕೆ. ಟಿವಿ ಕಾರ್ಯಕ್ರಮಗಳು ಅದನ್ನು ಎತ್ತಿ ಆಡಿದ ಮೇಲೆ 2010ರಲ್ಲಿ 6ನೆಯ ಸ್ಥಾನಕ್ಕೆ ಬಂತು, ಈಗ ಅದು ಎಂಬತ್ತರ ದಶಕದ ಹೆಗ್ಗುರುತು. ಕ್ವೀನ್ ತಂಡದ ‘ಡೋಂಟ್ ಸ್ಟಾಪ್ ಮಿ ನೌ’ 1979ರಲ್ಲಿ 9ನೆಯ ಸ್ಥಾನದಲ್ಲೇ ನಿಂತಿತ್ತು. ಕೇಟ್ ಬುಷ್‌ಳ 1985ರ ‘ರನಿಂಗ್ ಅಪ್ ದಟ್ ಹಿಲ್’ ಮೊದಲ ಸ್ಥಾನ ಕಂಡದ್ದು 2022ರಲ್ಲಿ, ಒಂದು ವೆಬ್ ಸರಣಿಯ ಕೃಪೆಯಿಂದ. ಅಂದರೆ ನಾವು ‘ಆ ಕಾಲ’ ಎಂದು ಕೇಳುತ್ತಿರುವುದು ಈ ಕಾಲದವರು ಟಿವಿ, ಸಿನಿಮಾ, ಜಾಹೀರಾತುಗಳ ನೆರವಿನಿಂದ ಸೋಸಿ, ಒಪ್ಪಮಾಡಿ, ಹೊಸದಾಗಿ ಕಟ್ಟಿದ ಒಂದು ಆ ಕಾಲವನ್ನು. ಅಂದಿನ ನೂರು ಹಾಡುಗಳಲ್ಲಿ ಸೋಸಿ ಉಳಿದ ಮೂರನ್ನು ಇಂದಿನ ಸೋಸದ ನೂರರ ಪಕ್ಕ ಇಟ್ಟು ‘ನೋಡಿ, ಆಗಿನ ಹಾಡೇ ಹಾಡು’ ಎನ್ನುವುದು ತಕ್ಕಡಿಯ ದೋಷವೇ ಹೊರತು ಇಂದಿನ ಸಂಗೀತದ ದೋಷವಲ್ಲ.

ಇದಕ್ಕೆ ವಯಸ್ಸಿನ ಸಂಗತಿಯೂ ಸೇರುತ್ತದೆ. ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಜನ ಅತಿ ಹೆಚ್ಚು ಮೆಚ್ಚುವುದು ತಮ್ಮ ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನ ಆಸುಪಾಸಿನಲ್ಲಿ ಜನಪ್ರಿಯವಾಗಿದ್ದ ಹಾಡುಗಳನ್ನು ಎಂದು ಕಂಡುಕೊಂಡಿತು. ಆಮೇಲಿನ ಅಧ್ಯಯನಗಳು ಈ ವಯಸ್ಸನ್ನು ಇನ್ನೂ ಹಿಂದಕ್ಕೆ ತಳ್ಳಿ ಹದಿಹರೆಯಕ್ಕೆ ತಂದಿವೆ. ಹಾಗಿದ್ದರೆ ಪ್ರತಿ ಪೀಳಿಗೆಯೂ ತನ್ನ ಯೌವನದ ಹಾಡುಗಳೇ ಶ್ರೇಷ್ಠವೆಂದು ಸತ್ಯವಾಗಿಯೇ ನಂಬುತ್ತದೆ. ಎಲ್ಲ ಪೀಳಿಗೆಗಳೂ ಒಮ್ಮೆಗೇ ಸರಿಯಾಗಿರಲು ಸಾಧ್ಯವಿಲ್ಲ. ವಾಹಿನಿಗಳಿಗೆ ಇದು ಚೆನ್ನಾಗಿ ಗೊತ್ತು. ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್ ಎಫ್‌ಎಂನ ಕಥೆ ನೋಡಿ. 1972ರಿಂದ ಹಳೆಯ ಹಾಡುಗಳಿಗೆ ಹೆಸರಾಗಿದ್ದ ಈ ಕೇಂದ್ರ 2005ರ ಜೂನಿನಲ್ಲಿ ಒಮ್ಮೆಲೇ ನಿರೂಪಕರನ್ನೆಲ್ಲ ಕೈಬಿಟ್ಟು ‘ಜ್ಯಾಕ್’ ಎಂಬ ಕಲಸುಮೇಲೋಗರದ ಮಾದರಿಗೆ ಹೊರಳಿತು. ಕೇಳುಗರು ಕೆರಳಿದರು, ಆದಾಯ ಬಿತ್ತು, 2007ರ ಜುಲೈನಲ್ಲಿ ಹಳೆಯ ಹಾಡು ಮರಳಿತು. ಜನರ ಗೆಲುವೆಂದು ಇದನ್ನು ಇಂದಿಗೂ ಹೇಳುತ್ತಾರೆ. ಆದರೆ ಮರಳಿ ಬಂದ ಪಟ್ಟಿಯಲ್ಲಿ ಐವತ್ತರ ದಶಕ ಹೆಚ್ಚುಕಡಿಮೆ ಮಾಯವಾಗಿತ್ತು. ಆ ಕೇಂದ್ರಕ್ಕೆ ಹೆಸರು ತಂದುಕೊಟ್ಟ, ಅದರ ಅತ್ಯಂತ ನಿಷ್ಠಾವಂತ ಕೇಳುಗರ ಯೌವನವೇ ಹೊರಗುಳಿಯಿತು. ಕಾರಣ ಸಂಗೀತದ್ದಲ್ಲ: ಅಮೆರಿಕದ ಜಾಹೀರಾತುದಾರರು ಮುಖ್ಯವಾಗಿ ಹಣ ಕೊಡುವುದು 25ರಿಂದ 54ರ ವಯಸ್ಸಿನವರಿಗೆ. ಆ ಗಡಿ ದಾಟಿದವರ ನೆನಪಿಗೆ ಮಾರುಕಟ್ಟೆ ಇಲ್ಲ. ಕಾಲದ ಪರೀಕ್ಷೆಯಲ್ಲಿ ಗೆದ್ದದ್ದು ಉಳಿಯುತ್ತದೆ ಎನ್ನುವವರು, ಕೇಳುಗನಿಗೆ 55 ತುಂಬಿದ ಕೂಡಲೇ ಅವನ ಹಾಡು ಆ ಪರೀಕ್ಷೆಯಲ್ಲಿ ಹೇಗೆ ಸೋತಿತೆಂದು ವಿವರಿಸಬೇಕಾಗುತ್ತದೆ. ಬೂಮ್ ರೇಡಿಯೋಕ್ಕೆ ಬ್ರಿಟನ್ನಿನಲ್ಲಿ ಜಾಗ ಸಿಕ್ಕಿದ್ದು ಸಹ ಉಳಿದವರು ಹೀಗೆ ಹೊರಗೆ ಬಿಟ್ಟ ಜನರಿಂದಲೇ.

ಇನ್ನು ಮೊದಲನೆಯ ವಾದ: ಬೇಡಿಕೆ ಇತ್ತು, ಪೂರೈಕೆ ಬಂತು. ಬೇಡಿಕೆ ರೇಡಿಯೋವನ್ನು ಬದಲಿಸಬಲ್ಲುದು ಎಂಬುದಕ್ಕೆ ನಮ್ಮ ದೇಶದಲ್ಲೇ ಶುದ್ಧ ಉದಾಹರಣೆಯಿದೆ. 1952ರಲ್ಲಿ ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಚಿತ್ರಗೀತೆಗಳನ್ನು ದೂರವಿಟ್ಟರು. ಕೇಳುಗರು ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. ಹೋದವರನ್ನು ಮರಳಿ ಕರೆತರಲು ಆಕಾಶವಾಣಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಶುರುಮಾಡಬೇಕಾಯಿತು. ಇಲ್ಲಿ ಕ್ರಮ ಸ್ಪಷ್ಟವಾಗಿದೆ: ಮೊದಲು ಜನ ಹೋದರು, ಆಮೇಲೆ ವಾಹಿನಿ ಬದಲಾಯಿತು. ಬ್ರಿಟನ್ನಿನಲ್ಲಿ ಕ್ರಮ ಬೇರೆ. 2018ರ ಅಕ್ಟೋಬರಿನಲ್ಲಿ ಆಫ್‌ಕಾಮ್ ನಿಯಮ ಸಡಿಲಿಸಿತು. ಸ್ಥಳೀಯ ಎಫ್‌ಎಂ ಕೇಂದ್ರಗಳು ವಾರದ ದಿನಗಳಲ್ಲಿ ಹಗಲು ಏಳು ಗಂಟೆ ಸ್ಥಳೀಯ ಕಾರ್ಯಕ್ರಮ ಕೊಡಬೇಕೆಂದಿದ್ದದ್ದು, ತಾಸಿಗೊಮ್ಮೆ ಸ್ಥಳೀಯ ಸುದ್ದಿ ಕೊಟ್ಟರೆ ಮೂರೇ ಗಂಟೆ ಸಾಕು ಎಂದಾಯಿತು. ಆ ಸ್ಥಳೀಯತೆಯ ಮೇರೆಗಳನ್ನೂ ಹಿಗ್ಗಿಸಲಾಯಿತು. 2019ರ ಮೊದಲ ತಿಂಗಳುಗಳಲ್ಲಿ ಬಾವರ್ ಸಣ್ಣ ಸಣ್ಣ ಗುಂಪುಗಳ ಕೈಯಲ್ಲಿದ್ದ ಕೇಂದ್ರಗಳನ್ನು ಸಾಲಾಗಿ ಕೊಂಡಿತು. ಸ್ಪರ್ಧಾ ಪ್ರಾಧಿಕಾರದ ವಿಚಾರಣೆ ಮುಗಿದದ್ದು 2020ರ ಮಾರ್ಚಿನಲ್ಲಿ. ಅದೇ ವರ್ಷ ಸೆಪ್ಟೆಂಬರಿನ ಹೊತ್ತಿಗೆ ಯಾರ್ಕ್‌ನ ಮಿನ್‌ಸ್ಟರ್ ಎಫ್‌ಎಂ, ಹ್ಯಾರೋಗೇಟ್‌ನ ಸ್ಟ್ರೇ ಎಫ್‌ಎಂ, ಗಿಲ್ಡ್‌ಫರ್ಡ್‌ನ ಈಗಲ್ ರೇಡಿಯೋ, ಚಿಚೆಸ್ಟರ್‌ನ ಸ್ಪಿರಿಟ್ ಎಫ್‌ಎಂ ಎಂಬ ಹೆಸರುಗಳು ಅಳಿದು, ಅಲ್ಲೆಲ್ಲ ಗ್ರೇಟೆಸ್ಟ್ ಹಿಟ್ಸ್ ರೇಡಿಯೋ ಎಂಬ ಒಂದೇ ಹೆಸರು ಬಂತು. ಈ ಊರುಗಳ ಜನ ತಮ್ಮ ಕೇಂದ್ರ ಬಿಟ್ಟು ಹಳೆಯ ಹಾಡು ಹುಡುಕುತ್ತ ಹೋದರೆಂದು ಆ ಹೆಸರುಗಳು ಅಳಿಯಲಿಲ್ಲ. ನಿಯಮ ಬದಲಾಯಿತು, ಒಡೆತನ ಬದಲಾಯಿತು, ಅದರಿಂದ ಅಳಿದವು. ಕೇಳುಗರ ಸಂಖ್ಯೆ ಏರಿದ್ದು ಆಮೇಲಿನ ಕಥೆ, ಅದರಲ್ಲೂ ಹೆಚ್ಚಿನದು ಹೆಸರಾಂತ ನಿರೂಪಕರು ಬಂದ ಮೇಲಿನದು. ಕೆನ್ ಬ್ರೂಸ್ ಹಿಂದೆ ಬಂದವರು ಹಾಡಿಗಾಗಿ ಬಂದರೋ ಬ್ರೂಸ್‌ಗಾಗಿ ಬಂದರೋ ಎಂದು ಕೇಳಬೇಕಾದ್ದೇ ಇಲ್ಲ. ಅವರು ಬಿಟ್ಟುಬಂದ ರೇಡಿಯೋ 2 ಕೂಡ ಹಳೆಯ ಹಾಡುಗಳನ್ನು ಧಾರಾಳವಾಗಿ ಹಾಕುತ್ತಿತ್ತು.

ಹಾಗಾದರೆ ಹಳೆಯ ಹಾಡೇ ಏಕೆ? ಅಗ್ಗವೆಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಬ್ರಿಟನ್ನಿನಲ್ಲಿ ಖಾಸಗಿ ವಾಹಿನಿಗಳು ಹಾಡಿನ ಹಕ್ಕುದಾರರ ಸಂಸ್ಥೆಗಳಿಗೆ ಮುಖ್ಯವಾಗಿ ತಮ್ಮ ಆದಾಯದ ಇಂತಿಷ್ಟು ಪಾಲು ಕೊಡುತ್ತವೆ. ಹಾಡು ನಿನ್ನೆಯದಾದರೂ ನಲವತ್ತು ವರ್ಷ ಹಿಂದಿನದಾದರೂ ಆ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಉಳಿತಾಯ ಆಗುವುದು ಬೇರೆ ಕಡೆ. ಪರೀಕ್ಷಿಸಿಟ್ಟ ಹಳೆಯ ಪಟ್ಟಿ ಯಾರ್ಕ್‌ಗೆ ಒಂದು, ಗಿಲ್ಡ್‌ಫರ್ಡ್‌ಗೆ ಇನ್ನೊಂದು ಬೇಕಾಗಿಲ್ಲ. ಪ್ರತಿ ವಾರ ಬದಲಿಸಬೇಕಾಗಿಲ್ಲ. ಊರಿನ ಹೊಸ ತಂಡವೊಂದರ ಧ್ವನಿಮುದ್ರಿಕೆ ಕೇಳಿ ಹಾಕೋಣವೇ ಬೇಡವೇ ಎಂದು ತಲೆ ಕೆಡಿಸಿಕೊಳ್ಳುವ ಸಂಗೀತ ಸಂಪಾದಕ ಊರಿಗೊಬ್ಬ ಬೇಕಾಗಿಲ್ಲ. ಒಂದು ಪಟ್ಟಿ, ಒಂದು ಸ್ಟುಡಿಯೋ, ಒಬ್ಬ ನಿರೂಪಕ, ಐವತ್ತು ಊರು. ಹಳೆಯ ಹಾಡಿನ ಆಕರ್ಷಣೆ ವ್ಯಾಪಾರಿಗೆ ಇರುವುದು ಅದರ ಹಳೆಯತನದಲ್ಲಲ್ಲ, ಅದು ಎಲ್ಲ ಊರಿನಲ್ಲೂ ಒಂದೇ ಆಗಿರುವುದರಲ್ಲಿ. 2019ರ ಜೂನಿನಿಂದ ಬ್ರಿಟನ್ನಿನ ಹಾರ್ಟ್ ಎಂಬ ಇನ್ನೊಂದು ಜಾಲ ಬೆಳಗಿನ ಕಾರ್ಯಕ್ರಮವನ್ನು ದೇಶಕ್ಕೆಲ್ಲ ಲಂಡನ್ನಿನಿಂದಲೇ ಕೊಡತೊಡಗಿತು. ಹಾರ್ಟ್ ಹಾಕುವುದು ಹಳೆಯದನ್ನಷ್ಟೇ ಅಲ್ಲ, ಆದರೂ ಅಲ್ಲಿಯೂ ನಡೆದದ್ದು ಇದೇ. ಹಳೆಯ ಹಾಡಿಗೆ ಹೊಣೆ ಹೊರಿಸುವವರೂ ಹೊಗಳುವವರೂ ತಪ್ಪಿದ್ದು ಇಲ್ಲೇ. ಹಳೆಯ ಹಾಡು ಒಡೆತನದ ಕೇಂದ್ರೀಕರಣಕ್ಕೆ ಸಿಕ್ಕ ಅತ್ಯಂತ ಸಲೀಸಾದ ಸಾಮಗ್ರಿ, ಅಷ್ಟೇ.

ಇದಕ್ಕೆ ಬರುವ ಗಟ್ಟಿ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕಲಾಗದು. ಒಂದೂರಿನ ಕೇಂದ್ರ ಒಂದೂರಿನ ಜಾಹೀರಾತಿನಿಂದ ಬದುಕುವ ಕಾಲ ಮುಗಿದಿದೆ, ಅಂಗಡಿಯವನ ಹಣ ಫೇಸ್‌ಬುಕ್‌ಗೂ ಗೂಗಲ್‌ಗೂ ಹೋಗುತ್ತಿದೆ, ಜಾಲಕ್ಕೆ ಸೇರದಿದ್ದರೆ ಮಿನ್‌ಸ್ಟರ್ ಎಫ್‌ಎಂ ಹೇಗೂ ಮುಚ್ಚುತ್ತಿತ್ತು, ಸತ್ತ ಸ್ಥಳೀಯ ವಾಹಿನಿಗಿಂತ ಬದುಕಿದ ಜಾಲ ವಾಸಿ ಎಂಬುದು ಆ ಆಕ್ಷೇಪ. ಹಣದ ಒತ್ತಡ ನಿಜವಾದದ್ದು. ಆದರೆ ಅದರ ಒಂದು ಭಾಗ ಕೊಳ್ಳುವಿಕೆಯಿಂದಲೇ ಹುಟ್ಟಿದ್ದು. ಬ್ರಿಟನ್ನಿನ ಸಣ್ಣ ಕೇಂದ್ರಗಳು ದೇಶವ್ಯಾಪಿ ಜಾಹೀರಾತು ಪಡೆಯುತ್ತಿದ್ದುದು ತಮಗೆಲ್ಲ ಸಾಮಾನ್ಯವಾದ ಒಂದು ಮಾರಾಟ ಸಂಸ್ಥೆಯ ಮೂಲಕ. ಅದರಲ್ಲಿದ್ದ ದೊಡ್ಡ ಸದಸ್ಯರನ್ನು ಬಾವರ್ ಕೊಂಡಾಗ ಉಳಿದವರ ಪಾಲಿಗೆ ಆ ಸಂಸ್ಥೆಯೇ ನಿಲ್ಲದಂತಾಗುವ ಪರಿಸ್ಥಿತಿ ಬಂತು. ಸ್ಪರ್ಧಾ ಪ್ರಾಧಿಕಾರ ಎತ್ತಿದ ಮುಖ್ಯ ಆತಂಕವೇ ಇದು. ಉಳಿದ ಸಣ್ಣವರ ಜಾಹೀರಾತನ್ನೂ ತಾನೇ ಮಾರಿಕೊಡುತ್ತೇನೆಂದು ಬಾವರ್ ಒಪ್ಪಿಕೊಂಡ ಮೇಲೆಯೇ ಅನುಮತಿ ಸಿಕ್ಕಿತು. ಇದೆಲ್ಲ ಇರಲಿ, ಆಕ್ಷೇಪವನ್ನು ಪೂರ್ತಿಯಾಗಿಯೇ ಒಪ್ಪಿಕೊಳ್ಳೋಣ. ಆಗಲೂ ಅದು ಸಾಧಿಸುವುದು ಏನನ್ನು? ಜಾಲ ಅನಿವಾರ್ಯವಾಗಿತ್ತು ಎಂಬುದನ್ನು. ‘ಜನ ಬಯಸಿದರು’ ಎಂಬ ಮಾತೂ ‘ಬೇರೆ ದಾರಿ ಇರಲಿಲ್ಲ’ ಎಂಬ ಮಾತೂ ಒಂದೇ ಬಾಯಿಂದ ಬಂದರೆ ಎರಡರಲ್ಲಿ ಒಂದು ಅಲಂಕಾರ.

ಮೂರನೆಯ ವಾದ, ಹಳೆಯ ರೇಡಿಯೋ ಮರಳಿತು ಎಂಬುದು, ಈ ಹೊತ್ತಿಗೆ ಅರ್ಧ ಬಿದ್ದಿದೆ. ಎಪ್ಪತ್ತರ ದಶಕದ ಬ್ರಿಟನ್ನಿನ ಸ್ವತಂತ್ರ ಸ್ಥಳೀಯ ರೇಡಿಯೋ ಎಂದರೆ ಊರಿನ ಸುದ್ದಿ, ಊರಿನ ಕ್ರೀಡೆ, ಹಿಮ ಬಿದ್ದಾಗ ಯಾವ ಶಾಲೆ ಮುಚ್ಚಿದೆ ಎಂಬ ಪ್ರಕಟಣೆ, ಫೋನು ಮಾಡಿದ ನೆರೆಯವರ ಧ್ವನಿ. ಇಂದಿನ ಜಾಲ ಆ ಕಾಲದ ಹಾಡನ್ನು ಇಟ್ಟುಕೊಂಡು ಉಳಿದದ್ದನ್ನು ಕಳಚಿದೆ. ತಾಸಿಗೊಂದು ಸುದ್ದಿ, ಹವಾಮಾನ, ಸ್ಥಳೀಯ ಜಾಹೀರಾತು ಉಳಿದಿವೆ ನಿಜ. 2024ರ ಮಾಧ್ಯಮ ಕಾಯ್ದೆ ಸ್ಥಳೀಯ ಸುದ್ದಿಯ ಹೊಣೆಯನ್ನು ಉಳಿಸಿಕೊಂಡಿದೆ, ಆದರೆ ಸ್ಥಳೀಯ ಗಂಟೆಗಳ ಕಟ್ಟುಪಾಡನ್ನೂ ವಾಹಿನಿಯೊಂದು ಪರವಾನಗಿ ಪಡೆದಾಗ ಕೊಟ್ಟ ಸಂಗೀತದ ಭರವಸೆಗೆ ಬದ್ಧವಾಗಿರಬೇಕೆಂಬ ಷರತ್ತನ್ನೂ ಬಿಟ್ಟುಕೊಟ್ಟಿದೆ. ಬಿಬಿಸಿಯ ಸ್ಥಳೀಯ ಕೇಂದ್ರಗಳೂ 2023ರಿಂದ ವಾರದ ದಿನಗಳ ಮಧ್ಯಾಹ್ನ ಎರಡರ ನಂತರ ನೆರೆಯ ಕೇಂದ್ರಗಳೊಂದಿಗೆ ಕಾರ್ಯಕ್ರಮ ಹಂಚಿಕೊಳ್ಳುತ್ತಿವೆ. ಅಲ್ಲದೆ, ಹಳೆಯ ಹಾಡು ಎಲ್ಲಿಗೂ ಹೋಗಿರಲೇ ಇಲ್ಲ. ಮೀಡಿಯಂ ವೇವ್ ಮತ್ತು ಎಫ್‌ಎಂ ಎರಡರಲ್ಲೂ ಒಂದೇ ಕಾರ್ಯಕ್ರಮ ಬಿತ್ತರಿಸುವುದನ್ನು ನಿಲ್ಲಿಸಿ ಎಂದು ಎಂಬತ್ತರ ದಶಕದ ಕೊನೆಯಲ್ಲಿ ಒತ್ತಡ ಬಂದಾಗ ಖಾಸಗಿ ಕೇಂದ್ರಗಳು ಮೀಡಿಯಂ ವೇವನ್ನು ಹಳೆಯ ಹಾಡಿಗೆ ಬಿಟ್ಟುಕೊಟ್ಟವು. ಅಂಥ ಕೇಂದ್ರಗಳಲ್ಲೊಂದಾದ ಕ್ಯಾಪಿಟಲ್ ಗೋಲ್ಡ್ ಶುರುವಾದದ್ದು 1988ರಲ್ಲಿ. 2019ರಲ್ಲಿ ಗ್ರೇಟೆಸ್ಟ್ ಹಿಟ್ಸ್ ಜಾಲದ ತಳಪಾಯವಾದ ಕೇಂದ್ರಗಳಲ್ಲಿ ಹಲವು ಆ ವಂಶದವೇ. ಮೂವತ್ತು ವರ್ಷ ಅವು ಹಿತ್ತಲಲ್ಲಿದ್ದವು. ಈಗ ಮುಂಬಾಗಿಲಿಗೆ ಬಂದದ್ದು, ಊರಿನ ಕೇಂದ್ರ ಮನೆ ಖಾಲಿ ಮಾಡಿದ ಮೇಲೆ.

ಈ ಮೂರನ್ನೂ ಬದಿಗಿಟ್ಟು ‘ಇರಲಿ, ಕೇಳಲು ಚೆನ್ನಾಗಿದೆಯಲ್ಲ’ ಎನ್ನುವವರಿಗೆ ಹೇಳಬೇಕಾದ ಒಂದು ಮಾತು ಉಳಿಯುತ್ತದೆ, ನನ್ನ ಮಟ್ಟಿಗೆ ಮುಖ್ಯವಾದದ್ದು ಅದು. ಈ ಪಟ್ಟಿಯಲ್ಲಿರುವ ಪ್ರತಿ ಹಾಡೂ ಒಂದು ದಿನ ಯಾರಿಗೂ ಗುರುತಿಲ್ಲದ ಹಾಡಾಗಿತ್ತು. ಕೇಳುಗ ಬಿಟ್ಟುಹೋಗುವ ಅಪಾಯವಿದ್ದರೂ ಒಬ್ಬ ನಿರ್ಮಾಪಕ ಅಥವಾ ನಿರೂಪಕ ಅದನ್ನು ಹಾಕಿದ. ಅರವತ್ತರ ದಶಕದ ಹಾಡುಗಳ ಬೆನ್ನ ಹಿಂದೆ ರೇಡಿಯೋ ಲಕ್ಸೆಂಬರ್ಗ್ ಇತ್ತು, 1964ರಿಂದ ಹಡಗಿನಲ್ಲಿ ಕೂತು ಬಿತ್ತರಿಸಿದ ರೇಡಿಯೋ ಕ್ಯಾರೋಲಿನ್ ಇತ್ತು, 1967ರಿಂದ ಬಿಬಿಸಿ ರೇಡಿಯೋ 1 ಇತ್ತು. ಯಾರೂ ಕೇಳಿರದ ತಂಡಗಳನ್ನು ಅದರ ನಿರೂಪಕ ಜಾನ್ ಪೀಲ್ 2004ರಲ್ಲಿ ತೀರಿಕೊಳ್ಳುವವರೆಗೂ ರಾತ್ರಿ ಹೊತ್ತು ಕೇಳಿಸುತ್ತಲೇ ಇದ್ದರು. ಅವುಗಳಲ್ಲಿ ಹೆಚ್ಚಿನವು ಮರೆತುಹೋದವು, ಹೋಗಬೇಕಾದದ್ದೇ. ಉಳಿದ ಕೆಲವು ಇಂದು ಪರೀಕ್ಷಿತ ಪಟ್ಟಿಗಳಲ್ಲಿವೆ. ಹಳೆಯ ಹಾಡನ್ನಷ್ಟೇ ಹಾಕುವ ವಾಹಿನಿ ಬಿತ್ತನೆಗೆ ಇಟ್ಟ ಕಾಳನ್ನು ಹುರಿದು ತಿನ್ನುತ್ತಿದೆ. ರುಚಿ ಇದೆ, ಈ ವರ್ಷಕ್ಕೆ ಸಾಲುತ್ತದೆ. ಇದಕ್ಕೆ ಉತ್ತರವಾಗಿ ಹೊಸ ಹಾಡು ಹುಡುಕುವ ಕೆಲಸವನ್ನು ಈಗ ಸ್ಪಾಟಿಫೈ, ಯೂಟ್ಯೂಬ್‌ಗಳು ಮಾಡುತ್ತಿವೆ, ರೇಡಿಯೋ ಅದನ್ನೇ ಏಕೆ ಮಾಡಬೇಕು ಎಂದು ಕೇಳಬಹುದು. ಹುಡುಕುವ ಕೆಲಸ ಅವು ಮಾಡುತ್ತವೆ, ಒಪ್ಪಿದೆ. ಆದರೆ ಒಬ್ಬೊಬ್ಬನಿಗೆ ಒಂದೊಂದು ಹಾಡು ಹುಡುಕಿಕೊಡುತ್ತವೆ, ಅವನು ಆಗಲೇ ಕೇಳಿದ್ದನ್ನು ಹೋಲುವುದನ್ನು. ಒಂದೂರಿನವರೆಲ್ಲ ಒಂದೇ ಬೆಳಗ್ಗೆ ಒಂದೇ ಅಪರಿಚಿತ ಹಾಡನ್ನು ಕೇಳಿ ಒಪ್ಪಿಯೋ ಬೈದೋ ಮಾತಾಡಿಕೊಳ್ಳುವುದು ಅದರಿಂದ ಆಗದು. ‘ಎಲ್ಲರಿಗೂ ಗೊತ್ತಿರುವ ಹಾಡು’ ಎಂಬುದು ಹುಟ್ಟಿದ್ದೇ ಹಾಗೆ. ಇವತ್ತಿನ ಹಾಡುಗಳಿಗೆ 2050ರಲ್ಲಿ ಅಂಥ ಪಟ್ಟಿಯೊಂದು ಮಾಡಹೊರಟವನಿಗೆ ಎಲ್ಲರಿಗೂ ಗೊತ್ತಿರುವ ಹಾಡು ಸಿಗುವುದು ಕಷ್ಟ.

ಇಲ್ಲಿ ಕನ್ನಡದ ಓದುಗರಿಗೆ ಸಂಬಂಧವಿಲ್ಲದ ದೂರದ ಜಗಳ ನಡೆಯುತ್ತಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದೇ ಬೆಂಗಳೂರಿನಲ್ಲಿ, 2001ರ ಜುಲೈನಲ್ಲಿ. ಎರಡನೆಯ ಹಂತದ ಪರವಾನಗಿಗಳ ಕಾಲದಲ್ಲಿ ಒಂದು ಕೇಂದ್ರದ ಕಾರ್ಯಕ್ರಮವನ್ನು ಇನ್ನೊಂದರಲ್ಲಿ ಬಿತ್ತರಿಸಲು ಅವಕಾಶವಿದ್ದದ್ದು ಸಣ್ಣ ದರ್ಜೆಯ ನಗರಗಳಿಗೆ ಮಾತ್ರ. 2011ರ ಮೂರನೆಯ ಹಂತದ ನೀತಿ ಅದನ್ನು ಒಬ್ಬ ಒಡೆಯನ ಎಲ್ಲ ಕೇಂದ್ರಗಳಿಗೂ ವಿಸ್ತರಿಸಿತು. ಬ್ರಿಟನ್ನಿನ ಜಾಲಗಳಿಗೆ ತಾಸಿಗೊಂದು ಸ್ಥಳೀಯ ಸುದ್ದಿಯ ಹೊಣೆಯಾದರೂ ಇದೆ. ನಮ್ಮಲ್ಲಿ ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದುವ ಅನುಮತಿಯೇ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು ಅಷ್ಟೇ. ಸುದ್ದಿಗೆ ಅವಕಾಶ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿದೆ. ಹೀಗೆ ಹಾಡೇ ಸರ್ವಸ್ವವಾದ ಕಡೆ, ಹಾಡೂ ಪರೀಕ್ಷಿಸಿಟ್ಟ ಹಳೆಯದೇ ಆದರೆ, ಮಂಗಳೂರಿನ ವಾಹಿನಿಗೂ ಮೈಸೂರಿನ ವಾಹಿನಿಗೂ ಜಾಹೀರಾತಿನ ಅಂಗಡಿಯ ವಿಳಾಸ ಬಿಟ್ಟು ಬೇರೆ ವ್ಯತ್ಯಾಸ ಏನು ಉಳಿದೀತು? ರಾಜಕುಮಾರರ ಕಾಲದ ಚಿತ್ರಗೀತೆ ಬೇಕೆನ್ನುವವರಿಗೆ ಇವತ್ತು ರೇಡಿಯೋ ಕೇಂದ್ರವೇ ಬೇಕಾಗಿಲ್ಲ. ಸಾರೆಗಾಮ ಸಂಸ್ಥೆ 2017ರಿಂದ ಹಳೆಯ ಹಾಡುಗಳನ್ನು ತುಂಬಿಸಿದ ‘ಕಾರವಾನ್’ ಪೆಟ್ಟಿಗೆ ಮಾರುತ್ತಿದೆ, ಕನ್ನಡದ್ದೂ ಇದೆ, ನೋಡಲು ಹಳೆಯ ರೇಡಿಯೋದಂತೆಯೇ ಇದೆ. ಆ ಪೆಟ್ಟಿಗೆ ಮಾಡುವುದನ್ನಷ್ಟೇ ಮಾಡುವ ವಾಹಿನಿಗೆ ಸಾರ್ವಜನಿಕ ತರಂಗಾಂತರವನ್ನು ಏಕೆ ಕೊಡಬೇಕು ಎಂಬುದು ಕೇಳಲೇಬೇಕಾದ ಪ್ರಶ್ನೆ. ಆಕಾಶವಾಣಿಯ ಕೊರತೆಗಳನ್ನು ಎಷ್ಟು ಬೇಕಾದರೂ ಪಟ್ಟಿಮಾಡಬಹುದು. ಆದರೆ ಇವತ್ತು ನಾವು ಹಳೆಯ ಭಾವಗೀತೆ ಎಂದು ಪ್ರೀತಿಯಿಂದ ಕೇಳುವ ಎಷ್ಟೋ ಕವಿತೆಗಳಿಗೆ ಅಂದು ಹೊಸದಾಗಿ ಧಾಟಿ ಹಾಕಿಸಿ, ಗಾಯಕರನ್ನು ಹುಡುಕಿ, ಸಂಭಾವನೆ ಕೊಟ್ಟು ಹಾಡಿಸಿದ್ದು ಅದರ ಸುಗಮ ಸಂಗೀತ ವಿಭಾಗ. ಯಾವ ಸಭಾಂಗಣದಲ್ಲೂ ಅಂಕ ಪಡೆಯದೆ ಆ ಹಾಡುಗಳು ಪ್ರಸಾರವಾದವು.

2024ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟ 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕದ ಊರುಗಳೂ ಅದರಲ್ಲಿವೆ. ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮ ಹೆಚ್ಚಲಿ ಎಂಬುದು ಸರ್ಕಾರ ಕೊಟ್ಟ ಕಾರಣ. ಆ ಕಾರಣ ನಿಜವಾಗಬೇಕಾದರೆ ಪರವಾನಗಿಯಲ್ಲಿ ಹಾಡಿನ ವಯಸ್ಸಿನ ಬಗ್ಗೆ ಒಂದು ಮಾತೂ ಬೇಕಾಗಿಲ್ಲ. ದಿನಕ್ಕೆ ಎಷ್ಟು ಗಂಟೆ ಆ ಊರಿನಲ್ಲೇ ಕೂತವರು ಮಾತಾಡುತ್ತಾರೆ, ಹಾಡನ್ನು ಆರಿಸುವವರು ಎಲ್ಲಿದ್ದಾರೆ, ಒಂದು ವಾರದಲ್ಲಿ ಮೊದಲ ಸಲ ಪ್ರಸಾರವಾಗುವ ಕನ್ನಡ ಹಾಡು ಎಷ್ಟು ಎಂಬ ಮೂರು ಷರತ್ತು ಸಾಕು. ಹರಾಜಿಗೆ ಮೊದಲೇ ಇವನ್ನು ಬರೆಸಿಕೊಳ್ಳಬೇಕು. ಒಮ್ಮೆ ಕೊಟ್ಟ ಪರವಾನಗಿಯ ಅವಧಿ ಹದಿನೈದು ವರ್ಷ.